ಆಂಟೊನಿನಾಳ ಕಡೆಯ ಬಿಸಿಲು

ತೋಕ್ತೊಸುನ್ ತನ್ನೂರು ಕರಾಕೋಲ್‌ನಿಂದ ರಾಜಧಾನಿ ಬಿಷ್ಕೇಕ್‌ಗೆ ಬಸ್ಸು ಓಡಿಸಿ ನಿವೃತ್ತನಾದವನು. ಸರೋವರದ ಅಂಚಿಗೆ ಅಂಟಿಕೊಂಡ ಆ ರಸ್ತೆಯಲ್ಲಿ ಮಂಜು ಕವಿದಿರಲಿ, ತಿರುವಿನಾಚೆ ಕುರಿಹಿಂಡು ದಿಢೀರನೆ ಎದುರಾಗಲಿ, ಬ್ರೇಕು ಒತ್ತಬೇಕೋ ಬೇಡವೋ ಎಂದು ಅವನು ಒಂದು ದಿನವೂ ಯೋಚಿಸಿದ್ದಿಲ್ಲ. ಕಾಲೇ ತೀರ್ಮಾನಿಸಿಬಿಡುತ್ತಿತ್ತು. ಆದರೆ ಬಸ್ಸಿನಿಂದ ಕೆಳಗಿಳಿದ ತೋಕ್ತೊಸುನ್ ಬೇರೆಯೇ ಮನುಷ್ಯ. ಟೋಪಿ ಕೊಳ್ಳಲು ಸಂತೆಗೆ ಹೋದರೆ ಕೈಗೊಂದು ಟೋಪಿ ಹಿಡಿದುಕೊಂಡು ನಿಂತೇ ಇರುವನು. ಕೊನೆಗೆ ಯಾರು ಮಾತಾಡಿದರೋ ಅವರ ಮಾತೇ ಅವನಿಗೆ ಸರಿ ಅನ್ನಿಸುತ್ತಿತ್ತು, ಇನ್ನೊಬ್ಬರು ಬಾಯಿ ತೆರೆಯುವವರೆಗೆ.

ಆ ವರ್ಷ ಸೆಪ್ಟೆಂಬರಿನಲ್ಲಿ ಅವನು ಬೀದಿಬಾಗಿಲ ಪಕ್ಕದಲ್ಲಿ ಚಳಿಗಾಲದ ಕಲ್ಲಿದ್ದಲು ಒಟ್ಟುತ್ತಿದ್ದಾಗ, ಹೆಗಲಿಗೆ ಚೀಲ ಹಾಕಿಕೊಂಡ ಹುಡುಗಿಯೊಬ್ಬಳು ಬಂದು ನಿಂತಳು. ಕೈಯಲ್ಲಿ ಅಳತೆಯ ಟೇಪು.

"ತೋಕ್ತೊಸುನ್ ಬಾಯ್ಕೆ ಅಂದ್ರೆ ನೀವೇನಾ? ನಾನು ಚೋಲ್ಪೊನಾಯ್, ಸೋಲಾರ್ ಯೋಜನೆಯ ಇಂಜಿನಿಯರ್. ಹಳೇ ಮನೆಗಳ ಸೂರಿಗೆ ಅನುದಾನದಲ್ಲಿ ಸೋಲಾರ್ ಹಲಗೆ ಕೂರಿಸ್ತಿದೀವಿ. ನಿಮ್ಮ ಹೆಸರು ಬಂದಿದೆ."

"ನಾನು ಕೇಳೇ ಇಲ್ವಲ್ಲಮ್ಮ," ಎಂದ, ತನ್ನನ್ನು ಬಾಯ್ಕೆ, ಅಂದರೆ ಅಣ್ಣ, ಎಂದು ಕರೆದವಳಿಗೆ.

"ನಾನು ಕೇಳಿದೆ," ಎಂದು ಬಾಗಿಲಿನಿಂದ ಬೂರುಲ್ಚಾಳ ದನಿ ಬಂತು. ಅವನ ಹೆಂಡತಿ ಹಿಟ್ಟಿನ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. "ಬೀದಿ ಸಭೆಯಲ್ಲಿ ಯಾರ್ಯಾರಿಗೆ ಬೇಕು ಅಂದ್ರು, ನಿನ್ನ ಹೆಸರು ಬರೆಸಿದೆ. ನಿನ್ನ ಕೇಳಿದ್ರೆ ಮುಂದಿನ ನೌರೂಜ್ ಹಬ್ಬಕ್ಕೆ ಉತ್ತರ ಬರ್ತಿತ್ತು."

ಚೋಲ್ಪೊನಾಯ್ ನಗು ತಡೆದುಕೊಂಡು ತಲೆ ಎತ್ತಿ ಸೂರನ್ನು ನೋಡತೊಡಗಿದಳು. ಅದು ದಪ್ಪ ದಿಮ್ಮಿಗಳ ಮನೆ, ತೋಕ್ತೊಸುನ್‌ನ ಅಜ್ಜ ಹುಟ್ಟುವ ಮೊದಲೇ ಕಟ್ಟಿದ್ದು. ಬೀದಿ ಕಡೆ ನೀಲಿ ಕಿಟಕಿಗಳು, ಸೂರಿನಂಚಿಗೆ ಜರತಾರಿ ಅಂಚಿನಂಥ ಮರದ ಕೆತ್ತನೆ. ಯಾವುದೋ ಕಾಲದಲ್ಲಿ ನಗರಾಡಳಿತದವರು ಮನೆಯ ನಡುವೆ ಉದ್ದಕ್ಕೂ ಗೋಡೆ ಎಬ್ಬಿಸಿ ಎರಡು ಸಂಸಾರಕ್ಕೆ ಹಂಚಿಕೊಟ್ಟಿದ್ದರು. ಬೀದಿ ಕಡೆಯ ಅರ್ಧ ತೋಕ್ತೊಸುನ್‌ನದು. ಹಿತ್ತಿಲ ಕಡೆಯ ಅರ್ಧ ಆಂಟೊನಿನಾ ಲ್ವೋವ್ನಾಳದು. ಮಕ್ಕಳ ಸಂಗೀತ ಶಾಲೆಯಲ್ಲಿ ಪಿಯಾನೋ ಕಲಿಸಿ ವಯಸ್ಸಾದ ಒಂಟಿ ಹೆಂಗಸು ಅವಳು.

"ಒಂದು ಮಾತು ಕೇಳ್ಲಾ?" ಎಂದ ತೋಕ್ತೊಸುನ್. "ಚಳಿಗಾಲದಲ್ಲಿ ಕರೆಂಟ್ ಹೋದಾಗ ಇದು ಕೊಡುತ್ತೆ, ಅಲ್ವಾ?"

"ಇಲ್ಲ ಬಾಯ್ಕೆ. ಈ ಅನುದಾನದಲ್ಲಿ ಬ್ಯಾಟರಿ ಬರಲ್ಲ. ಲೈನಲ್ಲಿ ಕರೆಂಟ್ ಹೋದ್ರೆ ಇದೂ ನಿಂತುಹೋಗುತ್ತೆ."

"ಬಿಸಿಲಿದ್ರೂನಾ?"

"ಇದ್ರೂನೂ. ಕಂಬ ಹತ್ತಿ ಒಬ್ಬ ರಿಪೇರಿ ಮಾಡ್ತಿರ್ತಾನೆ ಅಂದ್ಕೊಳ್ಳಿ. ನಿಮ್ಮ ಮನೆ ಕರೆಂಟು ಲೈನಿಗೆ ಹರಿದು ಅವನಿಗೆ ಹೊಡೀಬಾರ್ದಲ್ಲ."

ತೋಕ್ತೊಸುನ್ ಸಲಿಕೆಗೆ ಗಲ್ಲ ಊರಿ ಯೋಚಿಸಿದ. "ಅಂದ್ರೆ, ಕರೆಂಟ್ ಇದ್ದಾಗ ಕರೆಂಟ್ ಕೊಡುತ್ತೆ. ಇಲ್ಲದಾಗ ಕೊಡಲ್ಲ."

"ಹಾಗೆ ಹೇಳಿದ್ರೆ ಕೆಟ್ಟದಾಗಿ ಕೇಳಿಸುತ್ತೆ," ಎಂದಳು ಹುಡುಗಿ. "ಹಗಲು ಹೊತ್ತು ನಿಮ್ಮ ಹೀಟರು, ಒಲೆ ಎಲ್ಲ ಇದರಲ್ಲೇ ಓಡುತ್ತೆ. ಅಷ್ಟು ಕಲ್ಲಿದ್ದಲು ಉಳಿಯುತ್ತೆ. ಅಷ್ಟು ಹೊಗೇನೂ ಕಮ್ಮಿ."

ಆಮೇಲೆ ಅವಳು ಮೂಗು ಸುಕ್ಕಿಸಿದಳು. ಬೀದಿ ಕಡೆಯ ಸೂರಿನ ಇಳಿಜಾರು ಉತ್ತರಕ್ಕಿದೆ, ಬಿಸಿಲು ಸಾಲದು. ಸಾಲದ್ದಕ್ಕೆ ಇದು ಸರ್ಕಾರ ಕಾಪಾಡುವ ಪಟ್ಟಿಯಲ್ಲಿರುವ ಹಳೆಯ ಮನೆ, ಬೀದಿಗೆ ಕಾಣುವ ಮುಖಕ್ಕೆ ಏನನ್ನೂ ತಗುಲಿಸುವ ಹಾಗಿಲ್ಲ. ಆದರೆ ಹಿತ್ತಿಲ ಕಡೆ ಬೆಟ್ಟಗಳಿಗೆ ಮುಖ ಮಾಡಿದ ಇಳಿಜಾರಿದೆಯಲ್ಲ, ಅದು ಬಂಗಾರದಂಥ ಜಾಗ. ಅದು ಯಾರದು?

"ಪಕ್ಕದವರದು," ಎಂದು ಬೂರುಲ್ಚಾ ಗಂಡನ ಕಡೆ ನೋಡಿದಳು.

"ಪಕ್ಕದವರ ಒಪ್ಪಿಗೆ ಪತ್ರ ಒಂದು ತಂದ್ಬಿಡಿ," ಎಂದು ಚೋಲ್ಪೊನಾಯ್ ಹಗುರವಾಗಿ ಹೇಳಿ, ಇಪ್ಪತ್ತನೆಯ ತಾರೀಖಿನೊಳಗೆ ತಿಳಿಸಿ, ಇಲ್ಲದಿದ್ದರೆ ಅನುದಾನ ಬೇರೆಯವರಿಗೆ ಹೋಗುತ್ತದೆ ಎಂದು ಹೊರಟುಹೋದಳು.

ತೋಕ್ತೊಸುನ್‌ಗೂ ಆಂಟೊನಿನಾಳಿಗೂ ಮಾತು ನಿಂತು ಎರಡು ಚಳಿಗಾಲ ಕಳೆದಿತ್ತು. ಎರಡು ಮನೆಗೂ ಹೊಗೆಗೂಡು ಒಂದೇ. ತನ್ನ ಕೋಣೆಗೆ ಹೊಗೆ ಬರುತ್ತಿದೆ ಎಂದು ಅವಳು ಗೋಡೆ ಬಡಿದಳು. ಗೋಡೆ ಬಡಿದಿದ್ದಕ್ಕೆ ಇವನು ತಿರುಗಿ ಗೋಡೆ ಬಡಿದ. ಕೊನೆಗೆ ಅವಳು ಅಗ್ನಿಶಾಮಕದವರಿಗೆ ದೂರು ಕೊಟ್ಟಳು. ಅವರು ಜನವರಿಯ ಕೊರೆಯುವ ಚಳಿಯಲ್ಲಿ ಬಂದು ಇವನ ಒಲೆ ಉರಿಸಬಾರದೆಂದು ಅದಕ್ಕೆ ಮುದ್ರೆ ಒತ್ತಿ ಹೋದರು. ಆ ವಾರ ಗಂಡ ಹೆಂಡತಿ ಇಬ್ಬರೂ ಅಡುಗೆಮನೆಯಲ್ಲಿ ಇದ್ದಬದ್ದ ಕಂಬಳಿಗಳನ್ನೆಲ್ಲ ಹೊದ್ದು ಮಲಗಿದ್ದರು. ಅಂಥವಳ ಬಾಗಿಲಿಗೆ ಈಗ ಕೈಯೊಡ್ಡಿ ಹೋಗುವುದೇ?

ಶುಕ್ರವಾರ ಊರಿನ ಸಾರ್ವಜನಿಕ ಸ್ನಾನದ ಮನೆಗೆ ಹೋದಾಗ ಅವನು ಗೆಳೆಯರನ್ನು ಕೇಳಿದ. ಹಬೆಯ ನಡುವೆ ಎಲ್ಲರ ಬಾಯೂ ಒಟ್ಟಿಗೆ ತೆರೆಯಿತು.

"ಬೇಡ್ವೇ ಬೇಡ," ಎಂದ ವೆಲ್ಡಿಂಗ್ ಕೆಲಸದ ಓಮುರ್ಜಾಕ್. "ನಿನ್ನ ಮನೆ ಮೇಲೆ ಅವರ ಸಾಮಾನು ಇಟ್ರೆ, ನಾಳೆ ಮನೆ ಯಾರದು ಅಂತ ಕೇಳ್ತಾರೆ."

"ಹೌದಾ?"

"ಮತ್ತೇನು! ಆಲಿಕಲ್ಲು ಬಿದ್ದು ಒಡೆದ್ರೆ ನೀನೇ ಕಟ್ಟಿಕೊಡಬೇಕು."

"ನಾರಿನ್‌ನಲ್ಲಿ ನನ್ನ ಷಡ್ಡಕ ಹಾಕಿಸಿದಾನೆ," ಎಂದ ಮೂಲೆಯಲ್ಲಿದ್ದ ಇನ್ನೊಬ್ಬ. "ಹಗಲೆಲ್ಲ ಚಹಾ ಬಿಸಿಲಲ್ಲೇ ಕುದಿಯುತ್ತೆ. ಮನೆ ಬಿಟ್ಟು ಆಚೆಗೇ ಬರಲ್ಲ ಈಗ."

"ಹೌದಾ?" ಎಂದ ತೋಕ್ತೊಸುನ್. ತಗೊಳ್ಳುವುದೇ ಸರಿ ಎನ್ನಿಸಿತು. ಆದರೆ ಬಟ್ಟೆ ಹಾಕಿಕೊಳ್ಳುವಾಗ ಓಮುರ್ಜಾಕ್ ಅವನ ಕಿವಿಯ ಹತ್ತಿರ ಬಗ್ಗಿ, "ನಿನಗೆ ಬೇಡ ಅಂದ್ರೆ ಆ ಹುಡುಗೀಗೆ ನನ್ನ ಹೆಸರು ಹೇಳು ಮಾರಾಯ," ಎಂದ. ಬಿಸಿನೀರು ಮಿಂದು ಬಂದ ತಲೆ ಇನ್ನಷ್ಟು ಮಂಕಾಯಿತು.

ಮಾರನೆಯ ಬೆಳಿಗ್ಗೆ ಅವನು ಸುತ್ತುಹಾಕಿ ಹಿತ್ತಿಲ ಬಾಗಿಲಿಗೆ ಹೋದ. ಕದ ತೆರೆದ ಆಂಟೊನಿನಾ ಕನ್ನಡಕ ಮೇಲೇರಿಸಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಬೆಂಕಿ ಬಿದ್ದಿದೆಯಾ?"

"ಇಲ್ಲ."

"ಮತ್ತೆ ಯಾಕೆ ಬಂದೆ?"

ಅವನು ಹೇಳಲು ಹೊರಟ. ಅನುದಾನ, ಹಲಗೆ, ಕಂಬದ ಮೇಲಿನ ಮನುಷ್ಯ, ನಾರಿನ್‌ನ ಷಡ್ಡಕ ಎಲ್ಲ ಕಲಸಿಕೊಂಡು ಹೊರಬಂತು. ಅವಳು ಕೊನೆಯವರೆಗೂ ಕೇಳಿದಳು.

"ಅಂದ್ರೆ ನಿನಗೆ ನನ್ನ ಸೂರು ಬೇಕು."

"ಸೂರಲ್ಲ, ಆಂಟೊನಿನಾ ಲ್ವೋವ್ನಾ. ಬಿಸಿಲು."

"ಬಿಸಿಲಿಗೆ ನನ್ನ ಅಪ್ಪಣೆ ಯಾಕೆ?"

"ಅದು ನಿಮ್ಮ ಕಡೆ ಬೀಳುತ್ತಲ್ಲ."

ಅವಳ ಮುಖ ಸ್ವಲ್ಪ ಸಡಿಲಾಯಿತು. "ಒಳಗೆ ಬಾ. ಬಾಗಿಲು ತೆಗೆದಿಟ್ರೆ ಪಿಯಾನೋಗೆ ಥಂಡಿ ಹಿಡಿಯುತ್ತೆ."

ಆ ಕಪ್ಪು ಪಿಯಾನೋ ಕೋಣೆಯ ಅರ್ಧವನ್ನು ನುಂಗಿ ಕೂತಿತ್ತು. ಗೋಡೆಯಾಚೆಯಿಂದ ಅದರ ದನಿ ಕೇಳುತ್ತಲೇ ತೋಕ್ತೊಸುನ್‌ಗೆ ವಯಸ್ಸಾಗಿತ್ತು, ಆದರೆ ಅದನ್ನು ಇಷ್ಟು ಹತ್ತಿರದಿಂದ ಸರಿಯಾಗಿ ನೋಡಿದ್ದಿಲ್ಲ. ಮೇಜಿನ ಮೇಲೆ ಚಹಾ, ಬಟ್ಟಲಲ್ಲಿ ಹಣ್ಣಿನ ಪಾಕ. ಪಕ್ಕದ ತಟ್ಟೆಯಲ್ಲಿ ಬೋರ್ಸೋಕ್, ಹಿಟ್ಟಿನ ಆ ಕರಿದ ತುಣುಕುಗಳು ಬೂರುಲ್ಚಾಳ ಕೈಯವೇ ಎಂದು ಕಂಡೊಡನೆ ಗೊತ್ತಾಯಿತು. ಅವನು ತಟ್ಟೆಯನ್ನೂ ಅವಳನ್ನೂ ನೋಡಿದ.

"ಏನು ನೋಡ್ತೀಯ? ನಿನ್ನ ಜೊತೆ ಮಾತು ಬಿಟ್ಟಿದ್ದು ನಾನು. ನಿನ್ನ ಹೆಂಡ್ತಿ ಜೊತೆ ಅಲ್ಲ. ಎರಡು ಚಳಿಗಾಲ ನೀನು ತಿಂದ ಉಪ್ಪುಕೋಸು ಯಾರು ಹಾಕಿದ್ದು ಅಂದ್ಕೊಂಡೆ?"

ತೋಕ್ತೊಸುನ್ ತಣ್ಣಗಾದ. ಉಪ್ಪು ಹಾಕಿ ಹುಳಿಬರಿಸಿದ ಆ ಎಲೆಕೋಸು ಚೆನ್ನಾಗಿದೆ ಎಂದು ಅವನು ಹೆಂಡತಿಯನ್ನು ಹೊಗಳಿದ್ದುಂಟು.

ಆಂಟೊನಿನಾ ಚಹಾ ಕಲಕುತ್ತಾ ಕಿಟಕಿಯ ಕಡೆ ತಿರುಗಿದಳು. ದೂರದ ಓಮ್ಸ್ಕ್ ನಗರದಲ್ಲಿರುವ ತಂಗಿಯ ಮಗಳು ಲ್ಯುಬಾ ಒಂದು ವರ್ಷದಿಂದ ಕರೆಯುತ್ತಿದ್ದಾಳೆ, ಅಲ್ಲೇ ಬಂದಿರು, ಇದನ್ನು ಮಾರಿಬಿಡು ಅನ್ನುತ್ತಾಳೆ ಎಂದಳು. ಬೆಳಿಗ್ಗೆ ಹೋಗಬೇಕು ಅನ್ನಿಸುತ್ತದೆ. ಮಧ್ಯಾಹ್ನ ಬೆಟ್ಟ ಕಂಡರೆ ಬೇಡ ಅನ್ನಿಸುತ್ತದೆ.

"ಈಗ ನೀನು ಬಂದೆ. ಒಳ್ಳೇದೇ ಆಯ್ತು. ನೀನು ಹೂಂ ಅಂದ್ರೆ ನಾನು ಸಹಿ ಹಾಕಿ ಇಲ್ಲೇ ಉಳೀತೀನಿ. ಸೂರಿನ ಮೇಲೆ ಬೇರೆಯವರ ಸಾಮಾನು ಇರೋ ಮನೇನ ಯಾರು ಕೊಳ್ತಾರೆ? ನೀನು ಬೇಡ ಅಂದ್ರೆ ಮಾರಿ ಹೋಗ್ತೀನಿ. ತೀರ್ಮಾನ ಮಾಡಿ ಮಾಡಿ ನಂಗೆ ಸಾಕಾಗಿದೆ, ತೋಕ್ತೊಸುನ್. ಈ ಸಲ ನೀನು ಮಾಡು."

"ನಾನಾ?"

"ಇಷ್ಟು ಜನರನ್ನ ಆ ತಿರುವುಗಳಲ್ಲಿ ಬಿಷ್ಕೇಕ್‌ವರೆಗೆ ಮುಟ್ಟಿಸಿದೋನು ನೀನು. ಇದೇನು ಮಹಾ."

ಅವನು ಚಹಾ ಕುಡಿದನೋ ಬಿಟ್ಟನೋ ನೆನಪಿಲ್ಲ. ಮನೆಗೆ ಬಂದು ಬೂರುಲ್ಚಾಳನ್ನು ತರಾಟೆಗೆ ತೆಗೆದುಕೊಳ್ಳಬೇಕೆಂದುಕೊಂಡಿದ್ದ. ಅವಳೇ ಮೊದಲು ಕೇಳಿದಳು. "ಏನಂದ್ಳು ತೋನ್ಯಾ?" ಆಂಟೊನಿನಾಳನ್ನು ಅವಳು ಕರೆಯುತ್ತಿದ್ದದ್ದು ಹಾಗೆ.

"ಎರಡು ವರ್ಷ ನನ್ನ ಕಣ್ಣಿಗೆ ಮಣ್ಣೆರಚಿದೀಯ ನೀನು."

"ಮಣ್ಣಲ್ಲ ಮುದುಕಾ, ಉಪ್ಪುಕೋಸು. ಏನಂದ್ಳು ಹೇಳು."

ಹೇಳಿದ. ಬೂರುಲ್ಚಾ ಮಣೆಯ ಮೇಲೆ ಲಟ್ಟಣಿಗೆ ಇಟ್ಟು ಕೂತುಬಿಟ್ಟಳು. ಓಮ್ಸ್ಕ್ ವಿಚಾರ ಅವಳಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಎಲ್ಲ ಹೇಳಿಕೊಂಡವಳು ಇದನ್ನು ಮಾತ್ರ ಹೇಳಿಲ್ಲ ಎಂದು ಅವಳ ಕಣ್ಣು ತುಂಬಿತು. ಆಮೇಲೆ ತಟ್ಟನೆ ಎದ್ದಳು. "ಹೂಂ ಅಂದ್ಬಿಡು. ಈಗಲೇ ಹೋಗಿ ಅನ್ನು."

"ಯೋಚನೆ ಮಾಡ್ಬೇಕು."

"ಏನು ಯೋಚನೆ? ಅವಳು ಹೋದ್ರೆ ನಾನು ಯಾರ ಜೊತೆ ಕೂತ್ಕೊಳ್ಳಲಿ? ನಿನ್ನ ಜೊತೆನಾ? ನಿನ್ನ ಮಾತು ಯಾವಾಗಲೂ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ."

ಸೋಮವಾರ ಚೋಲ್ಪೊನಾಯ್ ಅಟ್ಟ ನೋಡಲು ಬಂದಳು. ಅಟ್ಟಕ್ಕೆ ದಾರಿ ಆಂಟೊನಿನಾಳ ಅಡುಗೆಮನೆಯಿಂದಲೇ. ಟಾರ್ಚ್ ಹಿಡಿದು ಹುಡುಗಿ ಮುಂದೆ, ಮಂಡಿ ಹಿಡಿದುಕೊಂಡು ತೋಕ್ತೊಸುನ್ ಹಿಂದೆ. ಕಲ್ನಾರು ಶೀಟಿನ ಕೆಳಗೆ ತೊಲೆಗಳು ಕಬ್ಬಿಣದ ಹಾಗಿದ್ದವು. ಅವಳು ಸುತ್ತಿಗೆಯ ಹಿಡಿಯಿಂದ ಬಡಿದು ನೋಡಿ, "ಇದು ನಮ್ಮೆಲ್ಲರಿಗಿಂತ ಹೆಚ್ಚು ಬಾಳುತ್ತೆ," ಎಂದಳು. ಅದೊಂದು ನೆಪವಾದರೂ ಸಿಕ್ಕೀತು, ತೊಲೆ ಹುಳ ಹಿಡಿದಿದೆ ಎಂದು ಅವಳೇ ಬೇಡ ಅಂದಾಳು ಎಂದು ಒಳಗೊಳಗೇ ಕಾದಿದ್ದ ಅವನಿಗೆ ನಿರಾಸೆಯಾಯಿತು.

ಹೊಗೆಗೂಡಿನ ಹತ್ತಿರ ಟಾರ್ಚಿನ ಬೆಳಕು ನಿಂತಿತು. ಅದರ ಮೈಗೆ ಉದ್ದಕ್ಕೂ ಬಿರುಕು ಬಿಟ್ಟಿದ್ದ ಗುರುತು, ಅದರ ಮೇಲೆ ಹೊಸ ಮಣ್ಣಿನ ಗಿಲಾವು. ಬಿರುಕು ಇದ್ದದ್ದು ಆಂಟೊನಿನಾಳ ಕಡೆ. ಅಲ್ಲಿಯ ಅಟ್ಟದ ಹಲಗೆಗಳೆಲ್ಲ ಮಸಿ ಹಿಡಿದು ಕಪ್ಪಾಗಿದ್ದವು. ಅಷ್ಟೂ ಹೊಗೆ ಅವಳ ಮಲಗುವ ಕೋಣೆಗೆ ಇಳಿದಿರಬೇಕು.

"ಇದನ್ನ ಯಾರು ಮೆತ್ತಿದ್ದು?" ಎಂದು ಅವನು ಅಟ್ಟದ ಬಾಯಿಂದ ಕೆಳಗೆ ಕೂಗಿದ.

"ನಿನ್ನ ಹೆಂಡ್ತೀನ ಕೇಳು," ಎಂದಳು ಏಣಿ ಹಿಡಿದು ನಿಂತಿದ್ದ ಆಂಟೊನಿನಾ.

ಅವನು ಕೇಳಲಿಲ್ಲ. ಇಳಿದು ಬಂದು, ಕೈ ತೊಳೆಯಲು ಅವಳು ನೀರು ಹನಿಸಿದಾಗ ತಲೆ ತಗ್ಗಿಸಿಯೇ ಇದ್ದ. ತಾನು ಎರಡು ವರ್ಷ ಹೊತ್ತುಕೊಂಡಿದ್ದ ಸಿಟ್ಟನ್ನು ಈಗ ಎಲ್ಲಿ ಇಳಿಸಬೇಕೋ ತಿಳಿಯಲಿಲ್ಲ. ಅದಿದ್ದರೆ ತೀರ್ಮಾನ ಎಷ್ಟೋ ಸುಲಭವಾಗುತ್ತಿತ್ತು.

ಆ ಸಂಜೆಯೇ ಫೋನು ಬಂತು. ಪರಿಚಯವಿಲ್ಲದ ಹೆಣ್ಣುದನಿ.

"ನಾನು ಲ್ಯುಬಾ, ಓಮ್ಸ್ಕ್‌ನಿಂದ. ಆಂಟೊನಿನಾ ಲ್ವೋವ್ನಾ ನನಗೆ ದೊಡ್ಡಮ್ಮ. ತೀರ್ಮಾನ ನಿಮ್ಮ ಕೈಯಲ್ಲಿದೆ ಅಂದ್ರು. ಹೌದಾ?"

"ಅವರು ಹಾಗಂತಾರೆ."

"ದಯವಿಟ್ಟು ಬೇಡ ಅಂದ್ಬಿಡಿ. ಕಳೆದ ಚಳಿಗಾಲ ಅವರು ಹಿತ್ತಿಲಲ್ಲಿ ಜಾರಿಬಿದ್ದು ಎದ್ದು ಒಳಗೆ ಬರೋಕೆ ಎಷ್ಟು ಹೊತ್ತಾಯ್ತು ಗೊತ್ತಾ ನಿಮಗೆ? ನೀವು ಗೋಡೆ ಆಚೆ ಇದ್ರಿ. ಕೂಗೋಕೆ ನಾಚಿಕೆ ಆಯ್ತಂತೆ."

ತೋಕ್ತೊಸುನ್ ಫೋನು ಹಿಡಿದುಕೊಂಡೇ ಕೂತ. ಹೌದಮ್ಮ, ನೀವು ಹೇಳೋದೇ ಸರಿ ಎಂದ. ಅಷ್ಟರಲ್ಲಿ ಗೋಡೆಯಾಚೆ ಪಿಯಾನೋ ಶುರುವಾಯಿತು. ಒಂದೇ ಸಾಲನ್ನು ಅವಳು ಮತ್ತೆ ಮತ್ತೆ ನುಡಿಸುತ್ತಿದ್ದಳು, ಪ್ರತಿಸಲವೂ ಅದೇ ಜಾಗದಲ್ಲಿ ತಪ್ಪುತ್ತಿದ್ದಳು. ಬೂರುಲ್ಚಾ ಕತ್ತು ಹೊರಳಿಸಿ ಅವನನ್ನೇ ನೋಡುತ್ತಿದ್ದಳು. ಯಾರಿಗೆ ಏನು ಹೇಳಿದರೂ ಇನ್ನೊಬ್ಬರಿಗೆ ದ್ರೋಹವಾಗುವಂತಿತ್ತು. ಹೂಂ ಅಂದರೆ ಬಿದ್ದರೆ ಎತ್ತಲು ಜನವಿಲ್ಲದ ಮುದುಕಿಯನ್ನು ಕಟ್ಟಿಹಾಕಿದ ಹಾಗೆ. ಬೇಡ ಅಂದರೆ ಬೆಟ್ಟ ನೋಡಿಕೊಂಡು ಬದುಕಿದವಳನ್ನು ಊರಿನಿಂದಲೇ ಅಟ್ಟಿದ ಹಾಗೆ. ಇದೆಲ್ಲದರ ನಡುವೆ ತನಗೆ ಆ ಹಲಗೆ ಬೇಕೋ ಬೇಡವೋ ಎಂಬುದು ಅವನಿಗೆ ಮರೆತೇ ಹೋಗಿತ್ತು.

ಇನ್ನೆರಡು ದಿನ ಅವನು ಕಲ್ಲಿದ್ದಲಿನ ರಾಶಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುತ್ತಾ ಕಳೆದ. ಮೂರನೆಯ ದಿನ ಹಿತ್ತಿಲಿಗೆ ಹೋಗಿ ಬಾಗಿಲಲ್ಲೇ ನಿಂತು ಒಂದೇ ಉಸಿರಿಗೆ ಹೇಳಿದ. "ಆಂಟೊನಿನಾ ಲ್ವೋವ್ನಾ, ನನ್ನ ಕೈಲಿ ಆಗಲ್ಲ. ನೀವು ಇರಬೇಕೋ ಹೋಗಬೇಕೋ ಅಂತ ನಾನು ಹೇಳೋಕಾಗಲ್ಲ. ಬಸ್ಸಲ್ಲಿ ಎಲ್ಲಿಗೆ ಹೋಗಬೇಕು ಅಂತ ಜನ ಅವರೇ ಹೇಳ್ತಿದ್ರು. ನಾನು ಓಡಿಸ್ತಿದ್ದೆ ಅಷ್ಟೇ."

ಅವಳ ಮುಖ ಕೆಂಪಾಯಿತು. "ಒಂದು ಸಣ್ಣ ಕೆಲಸ ಹೇಳಿದೆ ನಿನಗೆ."

"ಸಣ್ಣದಲ್ಲ ಅದು."

"ಹೋಗು ಹಾಗಾದ್ರೆ. ನಿನ್ನ ಬಿಸಿಲೂ ಬೇಡ, ನೀನೂ ಬೇಡ," ಎಂದು ಕದ ಹಾಕಿಕೊಂಡಳು.

ಇಪ್ಪತ್ತನೆಯ ತಾರೀಖು ಬೆಳಿಗ್ಗೆ ಅವನು ಯೋಜನೆಯ ಕಚೇರಿಗೆ ನಡೆದು ಹೋದ. ದಾರಿಯುದ್ದಕ್ಕೂ ಬೇಡ ಅನ್ನುವ ಮಾತನ್ನೇ ಜೋಡಿಸಿಕೊಂಡು ಹೋಗಿದ್ದ. ಹಲಗೆ ಓಮುರ್ಜಾಕ್‌ಗೆ ಹೋಗಲಿ, ನಾನಾಯಿತು ನನ್ನ ಕಲ್ಲಿದ್ದಲಾಯಿತು. ಒಳಗೆ ಹೋದರೆ ಚೋಲ್ಪೊನಾಯ್‌ಳ ಎದುರಿನ ಕುರ್ಚಿಯಲ್ಲಿ ಆಂಟೊನಿನಾ ಕೂತಿದ್ದಳು. ಕಚೇರಿಗೆಂದೇ ಎತ್ತಿಟ್ಟಿದ್ದ ಕಾಲರಿನ ಕೋಟು, ತುಟಿಗೆ ಬಣ್ಣ.

"ಬಂದ್ಯಾ? ಕೂತ್ಕೋ," ಎಂದಳು. "ನಾನು ಒಪ್ಪಿಗೆ ಬರೆದುಕೊಟ್ಟೆ. ಕೆಳಗೆ ಯಾರೇ ಇರಲಿ, ಮೇಲೆ ಹಲಗೆ ಇರಬಹುದು ಅಂತ."

"ಅಂದ್ರೆ ನೀವು ಇರ್ತೀರಾ?"

"ನವೆಂಬರಿಗೆ ಓಮ್ಸ್ಕ್‌ಗೆ ಹೋಗ್ತೀನಿ."

"ಅಂದ್ರೆ ಮಾರ್ತೀರಾ?"

"ಮಾರ್ತೀನಿ ಅಂದ್ನಾ? ಹೋಗ್ತೀನಿ ಅಂದೆ. ಬರ್ತೀನೋ ಇಲ್ವೋ ಅದು ನನಗೇ ಗೊತ್ತಿಲ್ಲ, ನಿನಗೆ ಹೇಗೆ ಹೇಳಲಿ? ನಾನು ಮೊನ್ನೆ ನಿನ್ನ ಮೇಲೆ ಹೊರಿಸಿದ್ದು ತಪ್ಪು. ಅದನ್ನ ನಾನೇ ಇಳಿಸಿದೀನಿ. ಈಗ ಉಳಿದದ್ದು ನಿನ್ನದು. ಬೇಕಾ ಬೇಡ್ವಾ?"

ಅವನು ಚೋಲ್ಪೊನಾಯ್‌ಳನ್ನು ನೋಡಿದ. "ನೀನಾಗಿದ್ರೆ ಏನು ಮಾಡ್ತಿದ್ದೆಯಮ್ಮ?"

"ಗೊತ್ತಿಲ್ಲ ಬಾಯ್ಕೆ," ಎಂದಳು ಅವಳು ಪ್ರಾಮಾಣಿಕವಾಗಿ. "ನಾನು ಬಾಡಿಗೆ ಮನೇಲಿರೋಳು."

ಅವನು ಪೆನ್ನು ತೆಗೆದುಕೊಂಡ. ಯಾಕೆ ಸಹಿ ಹಾಕಿದೆ ಎಂದು ಬೂರುಲ್ಚಾ ಆಮೇಲೆ ಎಷ್ಟೋ ಸಲ ಕೇಳಿದಳು. ಪಕ್ಕದಲ್ಲಿ ಆ ಹೆಂಗಸು ಕೋಟು ಹಾಕಿಕೊಂಡು, ಬಣ್ಣ ಬಳಿದುಕೊಂಡು ಕಾಯುತ್ತಿದ್ದಳು. ಬೇಡ ಅಂದು ಅವಳ ಜೊತೆ ಅಷ್ಟು ದೂರ ಸುಮ್ಮನೆ ನಡೆದು ಬರುವುದು ಕಷ್ಟವಾಗುತ್ತಿತ್ತು. ಅಷ್ಟೇ ಕಾರಣವಾಗಿದ್ದರೂ ಇರಬಹುದು.

ಅಕ್ಟೋಬರಿನಲ್ಲಿ ಕೆಲಸದವರು ಬಂದರು. ಶೀಟಿನ ಮೇಲೆ ಅಡ್ಡಪಟ್ಟಿ ಹೂಡಿ ಕಡುನೀಲಿ ಹಲಗೆಗಳನ್ನು ಎತ್ತಿ ಕೂರಿಸಿದರು. ಆಂಟೊನಿನಾ ಕೆಳಗೆ ನಿಂತು ತನ್ನ ಡೇರೆ ಹೂವಿನ ಗಿಡ ತುಳಿಯುತ್ತಿದ್ದೀರಿ ಎಂದು ಅವರ ಮೇಲೆ ಕೂಗಾಡಿದಳು. ಮಾತಿಗೆ ತಪ್ಪದೆ ನವೆಂಬರಿನಲ್ಲಿ ಎರಡು ಸೂಟ್‌ಕೇಸು ಹಿಡಿದು ಹೊರಟಳು. ತೋಕ್ತೊಸುನ್ ಅವಳನ್ನು ಬಸ್ ನಿಲ್ದಾಣಕ್ಕೆ ಬಿಟ್ಟು, ಡ್ರೈವರನಿಗೆ ತಿರುವುಗಳಲ್ಲಿ ನಿಧಾನ ಎಂದು ಹೇಳಿ ಬಂದ. ಡ್ರೈವರ್ ಅವನನ್ನು ವಿಚಿತ್ರವಾಗಿ ನೋಡಿದ. ಬೀಗದ ಕೈ ಬೂರುಲ್ಚಾಳ ಹತ್ತಿರ ಉಳಿಯಿತು.

ಮೊದಲ ಹಿಮ ಬಿದ್ದಾಗ ಅವನು ಉದ್ದನೆಯ ಕೋಲಿಗೆ ಪೊರಕೆ ಕಟ್ಟಿಕೊಂಡು ಹಿತ್ತಿಲಿಗೆ ಹೋದ. ಹಲಗೆಗಳ ಮೇಲಿನ ಹಿಮ ಸರಸರನೆ ಜಾರಿ ಅವನ ಕೊರಳಪಟ್ಟಿಯೊಳಗೆ ಬಿತ್ತು. ತಲೆ ಒದರಿಕೊಳ್ಳುತ್ತಾ ಕಿಟಕಿಯೊಳಗೆ ನೋಡಿದರೆ ಗಾಜಿನ ಒಳಮೈಗೆ ಮಂಜುಗಟ್ಟಿತ್ತು. ಒಳಗೆ ಪಿಯಾನೋ ಮಸುಕಾಗಿ, ದನದ ಹಾಗೆ ಒಂಟಿಯಾಗಿ ನಿಂತಿತ್ತು.

ಮಧ್ಯಾಹ್ನ ಅವನು ಬೂರುಲ್ಚಾಳಿಂದ ಕೀಲಿ ಇಸಿದುಕೊಂಡು, ಅಟ್ಟದ ಮೂಲಕ ತನ್ನ ಕಡೆಯಿಂದ ಒಂದು ವೈರು ಎಳೆದು ಆ ಕೋಣೆಯಲ್ಲಿ ಸಣ್ಣ ಹೀಟರ್ ಇಟ್ಟು ಬಂದ.

"ಇದೇನು ಮುದುಕಾ? ನಮ್ಮ ಹಲಗೆ ಕರೆಂಟಲ್ಲಿ ಖಾಲಿ ಮನೆ ಕಾಯಿಸ್ತಿದೀಯ?"

"ಮನೆ ಅಲ್ಲ. ಪಿಯಾನೋ."

"ಅವಳು ಬರ್ತಾಳೆ ಅಂತಾನಾ?"

"ಗೊತ್ತಿಲ್ಲ."

"ಬರಲ್ಲ ಅಂದ್ರೆ?"

"ಅದೂ ಗೊತ್ತಿಲ್ಲ, ಬಿಡು. ಹಗಲು ಬಿಸಿಲಿದೆ. ಉರೀಲಿ."

ಆ ಸಂಜೆ ಸಾರಿಗೆ ಮಾಂಸ ಸ್ವಲ್ಪ ಹೆಚ್ಚೇ ಬಿದ್ದಿತ್ತು.

ಚಳಿಗಾಲವೆಲ್ಲ ಹೀಗೇ ನಡೆಯಿತು. ಬೆಳಿಗ್ಗೆ ಹಿಮ ಗುಡಿಸುವುದು, ಬಿಸಿಲು ಬಂದರೆ ಹೀಟರ್ ಹಚ್ಚುವುದು, ಮೋಡ ಕವಿದರೆ ಆರಿಸುವುದು. ಕಲ್ಲಿದ್ದಲು ಎಷ್ಟು ಉಳಿಯಿತೋ ಅವನಿಗೆ ತಿಳಿಯಲಿಲ್ಲ, ಉಳಿದದ್ದು ಪಿಯಾನೋಗೆ ಹೋಯಿತೋ ಏನೋ. ಒಂದೊಂದು ದಿನ ಹೀಟರ್ ಹಚ್ಚಲು ಹೋದವನು ಅಲ್ಲೇ ಕುರ್ಚಿಯಲ್ಲಿ ಕೂತು ಬೆಟ್ಟ ನೋಡುತ್ತಿದ್ದ. ಅವನ ಕಡೆಯ ಕಿಟಕಿಗಳಿಂದ ಬೆಟ್ಟ ಕಾಣುತ್ತಿರಲಿಲ್ಲ.

ಫೆಬ್ರುವರಿಯಲ್ಲಿ ಆಂಟೊನಿನಾಳ ಫೋನು ಬಂತು. "ನನ್ನ ಮನೆ ಕಿಟಕಿ ಮಂಜುಗಟ್ಟಿಲ್ಲ ಅಂತ ಯಾರೋ ಹೇಳಿದ್ರು. ಯಾರಿದಾರೆ ಅಲ್ಲಿ?"

"ಯಾರೂ ಇಲ್ಲ. ಹೀಟರ್ ಇಟ್ಟಿದೀನಿ. ಪಿಯಾನೋಗೆ."

"ಒಂದು ಕಡೆ ಮಾತ್ರ ಕಾಯಿಸ್ಬೇಡ. ಮರ ಬಾಗುತ್ತೆ. ಗಾಳಿ ಒಣಗದ ಹಾಗೆ ಒಂದು ಬಕೆಟ್ ನೀರೂ ಇಡು." ಅಷ್ಟು ಹೇಳಿ ಇಟ್ಟುಬಿಟ್ಟಳು. ಬರುತ್ತೇನೆ ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಅವನು ನೀರು ಇಟ್ಟು ಬಂದ.

ಏಪ್ರಿಲ್‌ನಲ್ಲಿ, ಜರದಾಳು ಗಿಡಗಳು ಹೂ ಬಿಟ್ಟಾಗ, ಅವಳು ಒಂದೇ ಸೂಟ್‌ಕೇಸಿನೊಂದಿಗೆ ಇಳಿದಳು. ಇನ್ನೊಂದು ಓಮ್ಸ್ಕ್‌ನಲ್ಲೇ ಇದೆಯಂತೆ. ಬೂರುಲ್ಚಾ ಅವಳನ್ನು ಅಪ್ಪಿಕೊಂಡು ಅತ್ತಳು, ಆಮೇಲೆ ಓಮ್ಸ್ಕ್ ವಿಷಯ ಮೊದಲೇ ಹೇಳಲಿಲ್ಲವೆಂದು ಬೈದಳು, ಮತ್ತೆ ಅತ್ತಳು. ಆಂಟೊನಿನಾ ಹಿತ್ತಿಲಿಗೆ ಹೋಗಿ ಕೈ ಸೊಂಟಕ್ಕಿಟ್ಟು ಸೂರನ್ನು ನೋಡಿ, ನಡುವಿನ ಹಲಗೆ ಸೊಟ್ಟಗಿದೆ ಎಂದಳು. ಸೊಟ್ಟಗಿರಲಿಲ್ಲ. ಮುಂದಿನ ಚಳಿಗಾಲ ಇಲ್ಲಿರುತ್ತೀರಾ ಎಂದು ತೋಕ್ತೊಸುನ್ ಕೇಳಬೇಕೆಂದುಕೊಂಡ. ಅಷ್ಟರಲ್ಲಿ ಅವಳು ಒಳಗೆ ಹೋಗಿಯಾಗಿತ್ತು, ಪಿಯಾನೋ ಕೇಳಿಸಿತು. ಶ್ರುತಿ ಕೆಟ್ಟಿದೆ ಎಂದು ಅವಳು ಗೊಣಗುತ್ತಲೇ ನುಡಿಸಿದಳು. ಅವನು ಕೇಳದೆ ಬಂದುಬಿಟ್ಟ.

ಬೇಸಿಗೆಯಲ್ಲಿ ಎರಡನೆಯ ಸುತ್ತಿನ ಅನುದಾನ ಬಂತು. ಕೆಳಗಿನ ಬೀದಿಯ ದುಂಗಾನ್ ಜನಾಂಗದ ಯಜಮಾನ ಯೂಸುಪ್ ಬೆಳಿಗ್ಗೆಯೇ ಬಂದು ಬಾಗಿಲು ತಟ್ಟಿದ. ಅವನದೂ ಅಂಥದೇ ಹಳೆಯ ಮನೆ.

"ಬಾಯ್ಕೆ, ನಿಮಗೆ ಅನುಭವ ಇದೆ. ಒಂದು ಮಾತು ಹೇಳಿ. ತಗೊಳ್ಳೋದಾ, ಬೇಡ್ವಾ?"

ತೋಕ್ತೊಸುನ್ ಬಾಯಿ ತೆರೆದ. ಕರೆಂಟಿನ ವಿಷಯ ಹೇಳಲೋ, ಹಿಮದ ವಿಷಯ ಹೇಳಲೋ, ಆಲಿಕಲ್ಲಿನದೋ ಎಂದು ತಡಕಾಡಿದ. ಕೊನೆಗೆ ಅವನನ್ನು ಒಳಗೆ ಕರೆದು ಕೂರಿಸಿ, ಚಹಾ ಬಗ್ಗಿಸಿ ಕೊಟ್ಟು ಕೇಳಿದ.

"ನಿನ್ನ ಪಕ್ಕದ ಮನೇಲಿ ಯಾರಿದಾರೆ? ಮೊದಲು ಅದನ್ನ ಹೇಳು."